ಯಕ್ಷಗಾನ ಆಟದ ವಿಡಿಯೊ ಇಡುವ ಡಿಸ್ಕ್‌ಗೆ ಯಾವ ಫೈಲ್ ಸಿಸ್ಟಮ್?

ತೀರ್ಥಹಳ್ಳಿಯ ಸದಸ್ಯರಿಗೆ ನಮಸ್ಕಾರ. ತಮ್ಮ ಮನೆಯ ವಿಂಡೋಸ್ ಕಂಪ್ಯೂಟರ್, ಹಬ್ಬಕ್ಕೆ ಬೆಂಗಳೂರಿನಿಂದ ಬರುವ ಮಗಳ ಮ್ಯಾಕ್, ಧ್ವನಿ ಸರಿಪಡಿಸಿಕೊಡುವ ಸ್ನೇಹಿತರ ಉಬುಂಟು (ಲಿನಕ್ಸ್) ಕಂಪ್ಯೂಟರ್, ಈ ಮೂರರ ನಡುವೆ ಓಡಾಡಬೇಕಾದ 1 ಟಿಬಿ ಡಿಸ್ಕ್‌ಗೆ ಯಕ್ಷಗಾನದ ವಿಡಿಯೊ ಹಾಕಲು ಹೋದಾಗ, ಜಾಗ ಧಾರಾಳವಾಗಿದ್ದರೂ ಫೈಲ್ ತುಂಬ ದೊಡ್ಡದೆಂಬ ಸಂದೇಶ ಬಂತೆಂದು ಬರೆದಿದ್ದೀರಿ. ಡಿಸ್ಕ್ ಕೆಟ್ಟಿಲ್ಲ. ತಾವು ಹಾಕಿರುವ ಚಿತ್ರದಲ್ಲಿ ಅದರ ಫೈಲ್ ಸಿಸ್ಟಮ್, ಅಂದರೆ ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ, ಫ್ಯಾಟ್32 ಎಂದು ಕಾಣುತ್ತಿದೆ. ಆ ವ್ಯವಸ್ಥೆಯಲ್ಲಿ ಯಾವುದೇ ಒಂದು ಫೈಲ್ 4 ಜಿಬಿ ಮುಟ್ಟುವಂತಿಲ್ಲ. ಸೆಕೆಂಡಿಗೆ 17 ಮೆಗಾಬಿಟ್‌ನಂತೆ ಚಿತ್ರೀಕರಿಸಿದರೆ ಅರ್ಧ ಗಂಟೆಯ ಆಸುಪಾಸಿನಲ್ಲೇ ಆ ಗಡಿ ಬಂದುಬಿಡುತ್ತದೆ, ಅಂದರೆ ಬೆಳಗಿನವರೆಗಿನ ಆಟದಲ್ಲಿ ಪ್ರಸಂಗ ಇನ್ನೂ ಕಳೆಗಟ್ಟಿರುವುದೇ ಇಲ್ಲ.

ತಮ್ಮ ಪ್ರಶ್ನೆಗೆ ಮೊದಲು ಉತ್ತರಿಸಿದ ಸಾಗರದ ಹಿರಿಯರು ವಿಂಡೋಸ್‌ನ ಎನ್‌ಟಿಎಫ್‌ಎಸ್ ಸೂಚಿಸಿದ್ದಾರೆ. ವಿಂಡೋಸ್ ಒಂದೇ ಇದ್ದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಮ್ಯಾಕ್ ಅದನ್ನು ಓದುತ್ತದೆಯೇ ಹೊರತು, ಬೇರೆ ತಂತ್ರಾಂಶ ಹಾಕಿಕೊಳ್ಳದೆ ಅದರಲ್ಲಿ ಬರೆಯುವುದಿಲ್ಲ. ಮ್ಯಾಕ್‌ನ ಎಪಿಎಫ್‌ಎಸ್ ಆಗಲಿ, ಲಿನಕ್ಸ್‌ನ ಎಕ್ಸ್‌ಟಿ4 ಆಗಲಿ ವಿಂಡೋಸ್‌ಗೆ ತಾನಾಗಿ ಅರ್ಥವಾಗದ ಕಾರಣ ಅವುಗಳ ಮಾತು ಇಲ್ಲಿ ಬೇಡ.

ಉಳಿಯುವುದು ಎಕ್ಸ್‌ಫ್ಯಾಟ್. ಮೈಕ್ರೋಸಾಫ್ಟ್ 2006ರಲ್ಲಿ ತಂದ ಇದಕ್ಕೆ 4 ಜಿಬಿಯ ಕಟ್ಟುಪಾಡಿಲ್ಲ, ಮ್ಯಾಕ್ 10.6.5ನೇ ಆವೃತ್ತಿಯಿಂದಲೂ, ಲಿನಕ್ಸ್ ತನ್ನ ತಿರುಳಾದ ಕರ್ನಲ್‌ನ 5.4ನೇ ಆವೃತ್ತಿಯಿಂದಲೂ ಇದನ್ನು ಓದಿ ಬರೆಯಬಲ್ಲವು. ತಮ್ಮ ಮೂರೂ ಕಂಪ್ಯೂಟರ್‌ಗಳಿಗೆ ಹೊಂದುವುದು ಇದೇ ಎಂಬುದು ನನ್ನ ಅಭಿಪ್ರಾಯ.

ಆದರೆ ನಮ್ಮ ಮಲೆನಾಡಿನವರು ಇದರ ಒಂದು ದೌರ್ಬಲ್ಯವನ್ನು ಮರೆಯಬಾರದು. ಎನ್‌ಟಿಎಫ್‌ಎಸ್ ತಾನು ಮಾಡಹೊರಟ ಬದಲಾವಣೆಯನ್ನು ಮೊದಲು ಒಂದು ದಿನಚರಿಯಲ್ಲಿ ಗುರುತು ಹಾಕಿಕೊಳ್ಳುವುದರಿಂದ, ನಡುವೆ ಕರೆಂಟ್ ಹೋದರೂ ಕಡತಗಳ ಪಟ್ಟಿಯನ್ನು ಸಾಮಾನ್ಯವಾಗಿ ಸರಿಪಡಿಸಿಕೊಳ್ಳುತ್ತದೆ. ಎಕ್ಸ್‌ಫ್ಯಾಟ್‌ಗೆ ಅಂತಹ ದಿನಚರಿ ಇಲ್ಲ. ಒಮ್ಮೆ ಆಷಾಢದ ಮಳೆಯಲ್ಲಿ, ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ನಿಂದ ನಾನು ನಕಲು ಮಾಡುತ್ತಿದ್ದಾಗ ಕರೆಂಟ್ ಹೋಗಿ, ಒಂದು ಇಡೀ ಫೋಲ್ಡರ್ ಕಾಣೆಯಾಯಿತು. ಡಿಸ್ಕ್‌ನ ದೋಷ ಸರಿಪಡಿಸುವ ವಿಂಡೋಸ್‌ನ ಚೆಕ್‌ಡಿಸ್ಕ್ ಓಡಿಸಿದ ಮೇಲೆ ಸಿಕ್ಕಿದ್ದು ಹೆಸರಿಲ್ಲದ ಸಿಎಚ್‌ಕೆ ತುಣುಕುಗಳು. ಯಾವುದು ಯಾವ ಮೇಳದ ಆಟವೆಂದು ಒಂದೊಂದನ್ನೇ ತೆರೆದು ಭಾಗವತರ ದನಿಯಿಂದ ಗುರುತಿಸಬೇಕಾಯಿತು. ಅಂದಿನಿಂದ ಚಾರ್ಜ್ ಇರುವ ಲ್ಯಾಪ್‌ಟಾಪ್‌ನಿಂದ ಮಾತ್ರ ನಕಲು ಮಾಡುತ್ತೇನೆ, ಕೇಬಲ್ ಕೀಳುವ ಮೊದಲು ಪ್ರತಿ ಸಲವೂ ಇಜೆಕ್ಟ್ ಕೊಡುತ್ತೇನೆ, ಮತ್ತು ಓಡಾಡುವ ಡಿಸ್ಕ್‌ನಲ್ಲಿರುವುದರ ಮೂಲ ಪ್ರತಿಯನ್ನು ಮನೆಬಿಟ್ಟು ಹೋಗದ ಇನ್ನೊಂದು ಎನ್‌ಟಿಎಫ್‌ಎಸ್ ಡಿಸ್ಕ್‌ನಲ್ಲಿ ಇಟ್ಟಿರುತ್ತೇನೆ.

ಫ್ಯಾಟ್32ನ್ನು ಡೇಟಾ ಅಳಿಸದೆ ಎನ್‌ಟಿಎಫ್‌ಎಸ್‌ಗೆ ಬದಲಿಸುವ ಕನ್ವರ್ಟ್ ಆದೇಶ ವಿಂಡೋಸ್‌ನಲ್ಲಿದೆ. ಎಕ್ಸ್‌ಫ್ಯಾಟ್‌ಗೆ ಅಂತಹ ದಾರಿಯಿಲ್ಲ. ಆದ್ದರಿಂದ ಈಗ ಡಿಸ್ಕ್‌ನಲ್ಲಿರುವುದನ್ನೆಲ್ಲ ಬೇರೆಡೆಗೆ ನಕಲು ಮಾಡಿ, ನಾಲ್ಕಾರು ಫೈಲ್ ತೆರೆದು ನೋಡಿ ಖಚಿತಪಡಿಸಿಕೊಂಡ ನಂತರವೇ, ಡ್ರೈವ್‌ನ ಮೇಲೆ ಬಲ ಕ್ಲಿಕ್ ಮಾಡಿ ಫಾರ್ಮ್ಯಾಟ್‌ನಲ್ಲಿ ಎಕ್ಸ್‌ಫ್ಯಾಟ್ ಆರಿಸಿರಿ. ಅಲೊಕೇಶನ್ ಯೂನಿಟ್ ಸೈಜ್ ಇದ್ದಂತೆಯೇ ಇರಲಿ.

ಮಗಳ ಮ್ಯಾಕ್‌ಗೆ ಹಾಕಿ ತಂದ ಮೇಲೆ ಚುಕ್ಕೆ ಮತ್ತು ಅಡಿಗೆರೆಯಿಂದ ಆರಂಭವಾಗುವ ಪುಟ್ಟ ಫೈಲ್‌ಗಳು ವಿಂಡೋಸ್‌ನಲ್ಲಿ ಕಂಡರೆ ವೈರಸ್ ಎಂದು ಗಾಬರಿಯಾಗಬೇಡಿ. ಫೈಲ್‌ಗಳ ಬಗ್ಗೆ ಮ್ಯಾಕ್ ತನಗಾಗಿ ಬರೆದಿಟ್ಟುಕೊಳ್ಳುವ ಟಿಪ್ಪಣಿಗಳವು. ಇದೇ ಡಿಸ್ಕ್ ಅನ್ನು ಟಿವಿಗೂ ಹಚ್ಚುವ ಆಲೋಚನೆಯಿದ್ದರೆ, ಕೆಲವು ಹಳೆಯ ಟಿವಿಗಳು ಎಕ್ಸ್‌ಫ್ಯಾಟ್ ಓದುವುದಿಲ್ಲವಾದ್ದರಿಂದ, ಮೊದಲು ಒಂದು ಪೆನ್‌ಡ್ರೈವ್ ಅನ್ನು ಹೀಗೆ ಫಾರ್ಮ್ಯಾಟ್ ಮಾಡಿ ಹಚ್ಚಿ ನೋಡಿರಿ.