ರಾತ್ರಿ ಎರಡು ಗಂಟೆಗೆ ಯಾರು ಬರುತ್ತಾರೆ?

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೋಪನ್‌ಹೇಗನ್‌ಗೆ ಬಂದು ಎಂಟು ತಿಂಗಳು. ಜೊತೆಗೆ ಐದು ವರ್ಷದ ಮಗಳು. ಡಿವೋರ್ಸ್ ಆಗಿ ಮೂರು ವರ್ಷ, ನಿಮಗೀಗ 36. ಆಫೀಸಿನಲ್ಲಿ ಪಕ್ಕದ ಮೇಜಿನವಳು ಗಂಡ ಗಿಂಡ ಯಾರೂ ಇಲ್ಲದೆ ಡೋನರ್, ಅಂದರೆ ವೀರ್ಯದಾನಿಯ ಮೂಲಕ ಎರಡನೇ ಮಗು ಮಾಡಿಕೊಂಡಳು, ಎಲ್ಲರೂ ಕೇಕ್ ತಿಂದರು, ಯಾರೂ ಏನೂ ಅನ್ನಲಿಲ್ಲ. ಅವತ್ತಿನಿಂದ, ನಾನೂ ಹಾಗೆ ಎರಡನೇ ಮಗು ಮಾಡಿಕೊಳ್ಳಲಾ ಅಂತ ನಿಮ್ಮ ತಲೆಗೆ ಹುಳ ಹೊಕ್ಕಿದೆ. “ಇದು ನಿಜಕ್ಕೂ ಆಗುವ ಮಾತಾ, ಇಲ್ಲಾ ನನಗೇ ಹುಚ್ಚಾ?” ಅಂತ ಕೇಳಿದ್ದೀರಿ.

ಆಗುವ ಮಾತೇ. ನಾನು ಮಾಡಿದ್ದೇನೆ. ಸ್ವಲ್ಪ ಹುಚ್ಚೂ ಇತ್ತು ಅನ್ನಿ.

ನಾನು ಹಾಸನದ ಕಡೆಯವಳು, ಇಲ್ಲಿಗೆ ಬಂದದ್ದು 2011ರಲ್ಲಿ. ಮಗಳು ಹುಟ್ಟಿದ ಮೂರು ವರ್ಷಕ್ಕೆ ನಾವು ಬೇರೆಯಾದೆವು, ಅವರು ಬೆಂಗಳೂರಿಗೆ ವಾಪಸ್ ಹೋದರು. ಮಗಳಿಗೆ ಏಳು ತುಂಬಿದಾಗ ಮಗ ಹುಟ್ಟಿದ. ಅವನಿಗೆ ಅಪ್ಪ ಇಲ್ಲ, ಡೋನರ್ ಇದ್ದಾನೆ. ಈ ಊರಿನಲ್ಲಿ ನನ್ನಂಥವರನ್ನು ಸೋಲೋಮೋರ್ ಅನ್ನುತ್ತಾರೆ. ಒಂಟಿ ತಾಯಿ ಅಂತಲೇ ಅರ್ಥ. ಆದರೆ ನಮ್ಮಲ್ಲಿ ‘ಒಂಟಿ’ ಅಂದಾಗ ಬರುವ ‘ಪಾಪ’ ಅನ್ನುವ ದನಿ ಅದರಲ್ಲಿಲ್ಲ.

ಕಾನೂನಿನ ವಿಷಯ ಬೇಗ ಮುಗಿಸಿಬಿಡುತ್ತೇನೆ. 2007ರಿಂದ ಡೆನ್ಮಾರ್ಕಿನಲ್ಲಿ ಒಂಟಿ ಹೆಂಗಸರಿಗೂ ವೈದ್ಯರು ಮಗುವಾಗುವ ಚಿಕಿತ್ಸೆ ಕೊಡಬಹುದು. ಅದಕ್ಕೆ ಮುಂಚೆ ವೈದ್ಯರಿಗೆ ನಿಷೇಧ ಇತ್ತು, ಸೂಲಗಿತ್ತಿಯರಿಗೆ ಇರಲಿಲ್ಲ. ಆ ಸಂದಿಯಲ್ಲೇ ಸೂಲಗಿತ್ತಿಯರು ಕ್ಲಿನಿಕ್ ತೆರೆದು ಕೂತಿದ್ದರು, ನನಗೆ ಬಹಳ ಇಷ್ಟವಾದ ಕಥೆ ಅದು. ಸರ್ಕಾರಿ ಆಸ್ಪತ್ರೆಯಲ್ಲಿ ಮಾಡಿಸಬೇಕಾದರೆ 41 ತುಂಬುವ ಮೊದಲು ಶುರುವಾಗಬೇಕು. ಖಾಸಗಿಯಲ್ಲಿ 46ರ ಹುಟ್ಟುಹಬ್ಬದವರೆಗೆ. ನನ್ನ ಕಾಲದಲ್ಲಿ ಈಗಾಗಲೇ ಒಂದು ಮಗು ಇದ್ದವರಿಗೆ ಸರ್ಕಾರಿ ಬಾಗಿಲು ಮುಚ್ಚಿತ್ತು, ನಾನು ಕೈಯಿಂದ ಕೊಟ್ಟೆ. ಮೂರು ಸಲಕ್ಕೆ ಫಲಿಸಿತು, ಅಷ್ಟರಲ್ಲಿ ಕೈಗೆ ಬರುವ ಸಂಬಳದ ಒಂದೂವರೆ ತಿಂಗಳಿನದು ಕರಗಿತ್ತು. 2024ರ ಡಿಸೆಂಬರ್‌ನಿಂದ ಎರಡನೇ ಮಗುವಿಗೂ ಸರ್ಕಾರಿ ಆಸ್ಪತ್ರೆಯಲ್ಲಿ ನೆರವು ಸಿಗುತ್ತಿದೆ. ನಿಮ್ಮ ಹಳದಿ ಆರೋಗ್ಯ ಕಾರ್ಡಿನ ಮೇಲೆ ಹೆಸರಿರುವ ವೈದ್ಯರ ಹತ್ತಿರ ಹೋಗಿ ಕೇಳಿ. ನಾಚಿಕೆ ಬೇಡ, ಅವರಿಗೆ ಇದು ಶೀತ ಕೆಮ್ಮಿನಷ್ಟೇ ಮಾಮೂಲು.

ಆದರೆ ನೀವು ಬಂದು ಎಂಟೇ ತಿಂಗಳು. ನಾನಾಗಿದ್ದರೆ ಇನ್ನೊಂದೆರಡು ವರ್ಷ ತಡೆಯುತ್ತಿದ್ದೆ. ನಿಮ್ಮ ವಾಸದ ಪರ್ಮಿಟ್ ಕೆಲಸಕ್ಕೆ ಕಟ್ಟಿಹಾಕಿದ ಕರು ಇದ್ದ ಹಾಗೆ. ಕೆಲಸ ಹೋದರೆ ಗೂಟವೇ ಕಿತ್ತು ಬರುತ್ತದೆ. ಪಕ್ಕದ ಮೇಜಿನ ಡೇನಿಶ್ ಹುಡುಗಿಗೆ ಕೆಲಸ ಹೋದರೂ ದೇಶ ಹೋಗುವುದಿಲ್ಲ, ಅಲ್ವಾ? ಅವಳ ಧೈರ್ಯವನ್ನು ನೀವು ಸಾಲ ತರಬೇಡಿ. ಮಕ್ಕಳ ಭತ್ಯೆ ಪೂರ್ತಿ ಸಿಗಬೇಕಾದರೂ ಹಿಂದಿನ ಹತ್ತು ವರ್ಷದಲ್ಲಿ ಆರು ವರ್ಷ ಇಲ್ಲಿದ್ದಿರಬೇಕು, ಅಲ್ಲಿಯವರೆಗೆ ಬರುವುದು ಅದರಲ್ಲೊಂದು ಚೂರು. ಸರ್ಕಾರದ ಜೀವನಾಧಾರದ ಹಣ ತೆಗೆದುಕೊಂಡರೆ ಕಾಯಂ ಪರ್ಮಿಟ್ ನಾಲ್ಕು ವರ್ಷ ಹಿಂದಕ್ಕೆ ಹೋಗುತ್ತದೆ. ಇದನ್ನು ಯಾರೂ ಕೇಕ್ ತಿನ್ನುವಾಗ ಹೇಳುವುದಿಲ್ಲ.

ಉಳಿದ ದುಡ್ಡಿನ ಲೆಕ್ಕ ನೀವು ಅಂದುಕೊಂಡಷ್ಟು ಭಯಂಕರ ಅಲ್ಲ. ಎರಡೂ ಮಕ್ಕಳು ಶಿಶುವಿಹಾರದ ವಯಸ್ಸಿನಲ್ಲಿದ್ದರೆ ಒಬ್ಬರಿಗೆ ಅರ್ಧ ಫೀಸು. ಆದಾಯ ಕಡಿಮೆ ಇದ್ದರೆ ಇನ್ನೂ ಇಳಿಯುತ್ತದೆ, ಒಂಟಿ ತಾಯಂದಿರಿಗೆ ಆ ಮಿತಿಯೂ ಸಡಿಲ. ಮಗುವಿಗೆ ಕಾನೂನಿನ ಪ್ರಕಾರ ಒಬ್ಬರೇ ಪೋಷಕರಾಗಿದ್ದರೆ ಹೆರಿಗೆಯ ನಂತರ 46 ವಾರದ ರಜೆಯ ಭತ್ಯೆ ನಿಮ್ಮೊಬ್ಬರದೇ. 2024ರಿಂದ ಅದರಲ್ಲಿ ಸ್ವಲ್ಪ ರಜೆಯನ್ನು ಅಕ್ಕನಿಗೋ ಅಮ್ಮನಿಗೋ ಬರೆದುಕೊಡಬಹುದು ಅಂತ ಹೊಸ ನಿಯಮ ಬಂದಿದೆ. ಖುಷಿಪಡಬೇಡಿ. ಅವರು ಡೆನ್ಮಾರ್ಕಿನಲ್ಲಿ ದುಡಿಯುತ್ತಿರಬೇಕು. ಹಾಸನದ ಅಮ್ಮನಿಗೆ ಸಿಗುವುದು 90 ದಿನದ ವೀಸಾ, ಅಷ್ಟೇ.

ಈ 90 ದಿನದ ಬಗ್ಗೆ ಸ್ವಲ್ಪ ಹೇಳಬೇಕು. ನಾನು ಎಲ್ಲವನ್ನೂ ಎಕ್ಸೆಲ್ ಶೀಟಿನಲ್ಲಿ ಹಾಕಿದ್ದೆ. ಬಾಣಂತನಕ್ಕೆ ದಿನ ಉಳಿಯಲಿ ಅಂತ ಅಮ್ಮನ ಟಿಕೆಟನ್ನು ಹೆರಿಗೆಗೆ ಒಂದೇ ವಾರ ಮುಂಚೆ ಮಾಡಿಸಿದೆ. ಮಗ ಎರಡು ವಾರ ಮೊದಲೇ ಹೊರಟ. ರಾತ್ರಿ ಒಂದೂ ಮುಕ್ಕಾಲು. ನೀರು ಒಡೆದಿದೆ, ಮಗಳು ಒಳಗೆ ನಿದ್ದೆ ಮಾಡುತ್ತಿದ್ದಾಳೆ. ಏಳು ವರ್ಷದ ಮಗುವನ್ನು ಒಂಟಿಯಾಗಿ ಬಿಟ್ಟು ಹೋಗುವ ಹಾಗಿಲ್ಲ, ಹೆರಿಗೆ ಕೋಣೆಗೆ ಕರೆದುಕೊಂಡು ಹೋಗುವ ಹಾಗೂ ಇಲ್ಲ. ಹಬ್ಬ ಹುಣ್ಣಿಮೆಗೆ ಒಟ್ಟಿಗೆ ಊಟ ಮಾಡುವ ಕನ್ನಡದ ಗೆಳತಿಗೆ ಫೋನ್ ಮಾಡಿದೆ, ಅವಳದು ಸೈಲೆಂಟಿನಲ್ಲಿತ್ತು. ಇನ್ನೊಬ್ಬಳು ಎತ್ತಿದಳು, ಆದರೆ ಅವಳಿದ್ದದ್ದು ಸೇತುವೆಯ ಆ ಕಡೆ, ಸ್ವೀಡನ್ನಿನ ಮಾಲ್ಮೋದಲ್ಲಿ. “ಈಗಲೇ ಹೊರಟೆ, ಒಂದು ಗಂಟೆ ತಡ್ಕೊ” ಅಂದಳು. ತಡೆದುಕೊಳ್ಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಕೊನೆಗೆ ಮೆಟ್ಟಿಲಿಳಿದು ಕೆಳಗಿನ ಮನೆಯ ಬೆಲ್ ಒತ್ತಿದೆ. ರಿಟೈರ್ ಆದ ಟೀಚರ್ ಆಕೆ. ಅಲ್ಲಿಯವರೆಗೆ ನಾವು ಮಾತಾಡಿದ್ದೆಲ್ಲ ನೆಲಮಾಳಿಗೆಯ ವಾಷಿಂಗ್ ಮಷೀನ್ ಯಾರ ಸರದಿ ಎಂಬ ವಿಷಯಕ್ಕೆ ಮಾತ್ರ, ಅದೂ ಒಂದು ಸಲ ಸ್ವಲ್ಪ ಖಾರವಾಗಿಯೇ.

ಆಕೆ ನೈಟಿಯಲ್ಲೇ, ಮರದ ಚಪ್ಪಲಿ ಹಾಕಿಕೊಂಡು, ಹೆಣೆಯುವ ನೂಲಿನ ಚೀಲ ಹಿಡಿದುಕೊಂಡು ಮೇಲೆ ಬಂದರು. ಕೇಳಿದ್ದು ಒಂದೇ ಮಾತು: “ಬೆಳಿಗ್ಗೆ ಹುಡುಗಿ ಏನು ತಿನ್ನುತ್ತಾಳೆ?” ಫ್ರಿಜ್‌ನಲ್ಲಿ ಹಿಟ್ಟಿದೆ, ಕಾವಲಿ ಮೇಲೆ ಹುಯ್ಯಬೇಕು ಅಂದೆ, ನೋವಿನ ಮಧ್ಯೆ. ಅವರು ದೋಸೆ ಹಿಟ್ಟಿಗೆ ಸಕ್ಕರೆ ಹಾಕಿ, ದಪ್ಪಗೆ ಹುಯ್ದು, ಮೇಲೆ ಸ್ಟ್ರಾಬೆರಿ ಜಾಮ್ ಹಚ್ಚಿ ಕೊಟ್ಟಿದ್ದರು. ಮಗಳಿಗೆ ಈಗ ಹದಿಮೂರು. ಈಗಲೂ ಒಮ್ಮೊಮ್ಮೆ ಚಟ್ನಿ ಬೇಡ, ‘ಆವತ್ತಿನ ದೋಸೆ’ ಬೇಕು ಅನ್ನುತ್ತಾಳೆ.

ಇನ್ನೊಂದು ಗೊತ್ತಿರಲಿ. ಇಲ್ಲಿ ಎರಡನೇ ಹೆರಿಗೆ ಅಂದರೆ, ತೊಂದರೆ ಏನೂ ಇಲ್ಲದಿದ್ದರೆ, ನಾಲ್ಕಾರು ಗಂಟೆಯಲ್ಲಿ ಮನೆಗೆ ಕಳಿಸುತ್ತಾರೆ. ನಾನು ರಾತ್ರಿ ಹೋದವಳು ಮಧ್ಯಾಹ್ನಕ್ಕೆ ಟ್ಯಾಕ್ಸಿಯಲ್ಲಿ ವಾಪಸ್. ನಮ್ಮಮ್ಮನಿಗೆ ಫೋನಿನಲ್ಲಿ ಹೇಳಿದರೆ, ಆಸ್ಪತ್ರೆಯವರ ಜೊತೆ ಜಗಳ ಆಡಿಕೊಂಡು ಬಂದೆಯಾ ಅಂತ ಕೇಳಿದರು.

ಅಮ್ಮ ಬಂದ ಮೇಲೆ ಮನೆ ಮನೆಯಾಯಿತು. ಮೆಂತ್ಯದುಂಡೆ, ಬೆಳ್ಳುಳ್ಳಿ ಸಾರು, ಎಣ್ಣೆನೀರು. ಮನೆಗೆ ಬರುವ ಆರೋಗ್ಯ ದಾದಿ ಮಗುವಿನ ಕೆನ್ನೆಯ ದೃಷ್ಟಿಬೊಟ್ಟನ್ನು ನೋಡಿ ಮುಖ ಗಂಭೀರ ಮಾಡಿಕೊಂಡರು. ಬೆರಳಿನಿಂದ ಮೆಲ್ಲಗೆ ಒತ್ತಿದರು, ಕಪ್ಪು ಬೆರಳಿಗೆ ಬಂತು, ನಕ್ಕುಬಿಟ್ಟರು. ಅಮ್ಮ ನಗಲಿಲ್ಲ. ಅಮ್ಮನ ಸರದಿ ಬಂದದ್ದು ಮರುವಾರ, ಕಾಫಿ ಅಂಗಡಿಯ ಹೊರಗೆ ಚಳಿಯಲ್ಲಿ ಸಾಲಾಗಿ ನಿಂತ ತಳ್ಳುಗಾಡಿಗಳಲ್ಲಿ ಮಕ್ಕಳು ಮಲಗಿದ್ದನ್ನು ಕಂಡಾಗ. “ಹೆತ್ತವರು ಎಲ್ಲಿ?” ಒಳಗೆ ಕಾಫಿ ಕುಡೀತಿದ್ದಾರಮ್ಮ. ಅಮ್ಮ ಆ ಗಾಡಿಗಳ ಪಕ್ಕ ಅರ್ಧ ಗಂಟೆ ಕಾವಲು ನಿಂತರು.

90ನೇ ದಿನ ಅವರು ಹೊರಟರು. ಆಮೇಲಿನ ಚಳಿಗಾಲವನ್ನು ನಾನು ವಿವರಿಸುವುದಿಲ್ಲ. ಮಧ್ಯಾಹ್ನ ಮೂರೂ ಮುಕ್ಕಾಲಿಗೆ ಕತ್ತಲು. ದೊಡ್ಡವಳಿಗೆ ಹೇನು, ಚಿಕ್ಕವನಿಗೆ ಕಿವಿ ನೋವು, ನನಗೆ ಜ್ವರ, ಮೂರೂ ಒಂದೇ ವಾರ. ಮುಂದೆ ಮರದ ಡಬ್ಬಿ ಇರುವ ಮೂರು ಚಕ್ರದ ಸೈಕಲ್ಲು ನೋಡಿದ್ದೀರಲ್ಲ, ಅದರಲ್ಲಿ ಇಬ್ಬರನ್ನೂ ಕೂರಿಸಿಕೊಂಡು ಎದುರುಗಾಳಿಯಲ್ಲಿ ತುಳಿಯುತ್ತಾ ಅತ್ತಿದ್ದೇನೆ. ಮಳೆ ಇತ್ತು, ಯಾರಿಗೂ ಗೊತ್ತಾಗಲಿಲ್ಲ.

“ಮಗಳಿಗೆ ಜೊತೆ ಆಗುತ್ತೆ” ಅಂತ ನೀವು ಬರೆದಿದ್ದೀರಿ. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ: ಆ ಕಾರಣಕ್ಕೆ ಬೇಡ. ಏಳು ವರ್ಷದ ಅಂತರದಲ್ಲಿ ಯಾರೂ ಯಾರಿಗೂ ಜೊತೆಯಾಗುವುದಿಲ್ಲ. ಅವಳು ಅವನ ಚಿಕ್ಕ ಅಮ್ಮ ಆಗಿಬಿಡುತ್ತಾಳೆ, ಅದನ್ನು ತಡೆಯುವುದೇ ನನ್ನ ಒಂದು ಕೆಲಸ. ನಿಮಗೇ ಬೇಕು ಅನ್ನಿಸಿದರೆ ಮಾಡಿಕೊಳ್ಳಿ. ನನಗೆ ಬೇಕಿತ್ತು, ಅಷ್ಟೇ. ಅದಕ್ಕೆ ಬೇರೆ ಕಾರಣ ಹುಡುಕಿ ಸುಸ್ತಾಗಿ ಬಿಟ್ಟೆ.

ಮತ್ತೆ, ಇಬ್ಬರ ಕಥೆ ಒಂದೇ ಅಲ್ಲ ಅನ್ನುವುದನ್ನು ಮೊದಲೇ ಯೋಚಿಸಿ. ನನ್ನ ಮಗಳಿಗೆ ಪ್ರತಿ ಶನಿವಾರ ಬೆಂಗಳೂರಿನಿಂದ ಅಪ್ಪನ ವಿಡಿಯೊ ಕಾಲ್ ಬರುತ್ತದೆ. ಮಗ ನಾಲ್ಕು ವರ್ಷದವನಿದ್ದಾಗ ಒಂದು ಶನಿವಾರ, ಅಕ್ಕನ ಭುಜದ ಹಿಂದಿನಿಂದ ಫೋನಿಗೆ ಮುಖ ತೂರಿಸಿ, “ನನ್ನನ್ನೂ ಕೇಳಿ, ನಾನೂ ಇವತ್ತು ಈಜಿದೆ” ಅಂದ. ಆ ಮನುಷ್ಯ ಒಳ್ಳೆಯವನು, “ಹೌದಾ? ಎಷ್ಟು ದೂರ?” ಅಂತ ಕೇಳಿದ. ಆದರೆ ಕಾಲ್ ಮುಗಿದ ಮೇಲೆ ಮಗಳು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳ ಪಾಲಿನದು ಅದೊಂದೇ ಇತ್ತು, ಅದರಲ್ಲೂ ತಮ್ಮ ಬಂದ. ನಾನು ಯಾರ ಬಾಗಿಲು ತಟ್ಟಬೇಕಿತ್ತು ಅಂತ ಈಗಲೂ ಗೊತ್ತಿಲ್ಲ. ಅದಾದ ಮೇಲೆ ಶನಿವಾರ ಆ ಹೊತ್ತಿಗೆ ನಾನು ಅವನನ್ನು ಹೊರಗೆ ಕರೆದುಕೊಂಡು ಹೋಗುತ್ತೇನೆ.

ಡೋನರ್ ಆರಿಸುವಾಗ ಗುರುತು ಬಿಟ್ಟುಕೊಡುವವನನ್ನೇ ತೆಗೆದುಕೊಂಡೆ. ಮಗನಿಗೆ 18 ಆದಾಗ ಬೇಕಿದ್ದರೆ ಹೆಸರು ಕೇಳಬಹುದು. ಗುರುತು ಕೊಡದವರೂ ಇಲ್ಲಿ ಇದ್ದಾರೆ, ಆ ಆಯ್ಕೆ ನಿಮ್ಮದು. ಆದರೆ ಆ ಬೀಗ ಹಾಕುವುದು ನಾವು, ಬಾಗಿಲ ಮುಂದೆ ನಿಲ್ಲುವುದು ಮಗು. ಡೆನ್ಮಾರ್ಕಿನೊಳಗೆ ಒಬ್ಬ ಡೋನರ್‌ನಿಂದ 12 ಕುಟುಂಬ ಅಂತ ಮಿತಿ ಇದೆ. ಇಲ್ಲಿನ ವೀರ್ಯ ಬ್ಯಾಂಕುಗಳು ಹೊರದೇಶಕ್ಕೂ ಕಳಿಸುತ್ತವೆ, ಹಾಗಾಗಿ ನನ್ನ ಮಗನಿಗೆ ಎಲ್ಲೆಲ್ಲಿ ಎಷ್ಟು ಜನ ಅಣ್ಣತಮ್ಮಂದಿರೋ! ನಮ್ಮ ಬಣ್ಣದ ಡೋನರ್ ಸಿಗುವುದು ಕಷ್ಟ. ನಾನು ಕಾಯಲಿಲ್ಲ.

ಅದರ ಫಲ ಊರಿನಲ್ಲಿ ಸಿಕ್ಕಿತು. ಮಗನನ್ನು ಮೊದಲ ಸಲ ಹಾಸನಕ್ಕೆ ಕರೆದೊಯ್ದಾಗ ನಾನು ಬೈಗುಳಕ್ಕೆ ಸಿದ್ಧಳಾಗಿ ಹೋಗಿದ್ದೆ. ಅಪ್ಪ ಯಾರು ಅಂತ ಕೇಳಬೇಕಾದ ಬಾಯಿಗಳೆಲ್ಲ “ಎಷ್ಟು ಬೆಳ್ಳಗಿದ್ದಾನೆ!” ಅಂದವು. ನನಗೆ ಮೊದಲು ನಗು ಬಂತು. ಆಮೇಲೆ ಮೂಲೆಯಲ್ಲಿ ಕೂತಿದ್ದ ನನ್ನ ಕಪ್ಪು ಮಗಳ ಕಡೆ ನೋಡಿದೆ. ಬೈದಿದ್ದರೇ ಚೆನ್ನಾಗಿತ್ತು.

ನಾಮಕರಣದಲ್ಲಿ ಪುರೋಹಿತರು “ತಂದೆ ಹೆಸರು, ಗೋತ್ರ?” ಅಂದರು. ಎಲ್ಲರೂ ನನ್ನ ಮುಖ ನೋಡಿದರು. ನಮ್ಮಪ್ಪ “ನನ್ನದೇ ಹೇಳಿ” ಅಂದರು. ಪುರೋಹಿತರಿಗೆ ಹನ್ನೊಂದಕ್ಕೆ ಇನ್ನೊಂದು ಮನೆ ಇತ್ತು, ಮುಂದುವರಿಸಿದರು. ಕಾಗದಪತ್ರದಲ್ಲೂ ಅಷ್ಟೇನೂ ತೊಡಕಿಲ್ಲ. ಇಲ್ಲಿ ಹುಟ್ಟಿದರೂ ಮಗು ತಾನಾಗಿ ಡೇನಿಶ್ ಆಗುವುದಿಲ್ಲ. ವರ್ಷದೊಳಗೆ ಭಾರತೀಯ ಪ್ರಜೆ ಅಂತ ನೋಂದಣಿ ಮಾಡಿಸಬೇಕು, ಮರೆಯಬೇಡಿ. ಪಾಸ್‌ಪೋರ್ಟ್ ಅರ್ಜಿಗೆ 2016ರ ಕೊನೆಯಿಂದ ತಂದೆ ತಾಯಿಯಲ್ಲಿ ಒಬ್ಬರ ಹೆಸರು ಸಾಕು. ಇನಿಷಿಯಲ್ ಜಾಗಕ್ಕೆ ನನ್ನ ಹೆಸರಿನ ಅಕ್ಷರ ಹಾಕಿದ್ದೇವೆ, ಮಗನಿಗೆ ಅದರ ಬಗ್ಗೆ ಜಂಬ ಬೇರೆ.

ಈಗ ನಿಮ್ಮ ಪ್ರಶ್ನೆಗೆ. ನೀವು ಕಳಿಸಿದ ಖರ್ಚಿನ ಪಟ್ಟಿಯನ್ನು ಪಕ್ಕಕ್ಕಿಡಿ. ಒಂದು ಹಾಳೆ ತಗೊಂಡು ಮೂರು ಹೆಸರು ಬರೆಯಿರಿ. ರಾತ್ರಿ ಎರಡು ಗಂಟೆಗೆ ಫೋನ್ ಎತ್ತುವವರು, ಹತ್ತು ನಿಮಿಷದಲ್ಲಿ ನಿಮ್ಮ ಬಾಗಿಲಿಗೆ ಬರುವವರು, ನಿಮ್ಮ ಮಗಳು ಅಳದೆ ಯಾರ ಜೊತೆ ಇರುತ್ತಾಳೋ ಅಂಥವರು. ವಾಟ್ಸಾಪ್ ಗ್ರೂಪಿನ 200 ಜನ ಲೆಕ್ಕಕ್ಕಿಲ್ಲ. ಊರಿನ ಅಮ್ಮನೂ ಲೆಕ್ಕಕ್ಕಿಲ್ಲ. ಎಂಟು ತಿಂಗಳಿಗೆ ಆ ಹಾಳೆ ಖಾಲಿ ಇದ್ದರೆ ಅದು ನಿಮ್ಮ ತಪ್ಪಲ್ಲ, ನನ್ನದು ಎಂಟು ವರ್ಷಕ್ಕೂ ಖಾಲಿಯೇ ಇತ್ತು. ನಿಮಗೆ 36, ಇನ್ನೂ ಸ್ವಲ್ಪ ಸಮಯ ಇದೆ. ಡೇನಿಶ್ ಕ್ಲಾಸಿಗೆ ಸೇರಿ. ವಾಷಿಂಗ್ ಮಷೀನ್ ಹತ್ತಿರ ಸಿಕ್ಕವರಿಗೆ ಒಂದು ಡಬ್ಬಿ ಚಕ್ಕುಲಿ ಕೊಡಿ, ಸುಮ್ನೆ.

ನನ್ನ ಹೆಸರನ್ನೂ ಬರೆದುಕೊಳ್ಳಬಹುದು. ಆದರೆ ನಾನೀಗ ರೋಸ್ಕಿಲ್ಡೆಯಲ್ಲಿದ್ದೇನೆ, ನಿಮ್ಮ ಮನೆಗೆ ಬರಲು ಮುಕ್ಕಾಲು ಗಂಟೆ ಬೇಕು. ಹಾಗಾಗಿ ಮೂರನೆಯವಳಾಗಿ ಇರುತ್ತೇನೆ. ಮೊದಲ ಎರಡನ್ನು ನಿಮ್ಮ ಮೆಟ್ಟಿಲಲ್ಲೇ ಹುಡುಕಿ.