ಗೋಡೆ ಯಾಕೆ ಸೊಟ್ಟ, ನೆರಳಿಗೆ ಯಾಕೆ ಬಣ್ಣ?

ಪ್ರಶ್ನೆ: ಕಾಲೇಜಿನಲ್ಲಿ ‘ದಿ ಕ್ಯಾಬಿನೆಟ್ ಆಫ್ ಡಾಕ್ಟರ್ ಕ್ಯಾಲಿಗರಿ’ ಅನ್ನೋ ಹಳೇ ಮೂಕಿ ಚಿತ್ರ ತೋರಿಸಿದರು. ಗೋಡೆ, ಕಿಟಕಿ, ಚಿಮಣಿ ಎಲ್ಲಾ ಸೊಟ್ಟ. ನೆರಳನ್ನೂ ಬಣ್ಣದಲ್ಲಿ ಬರೆದಿದ್ದಾರೆ. ಅವರ ಹತ್ತಿರ ದುಡ್ಡಿರಲಿಲ್ವಾ, ಇಲ್ಲಾ ಇದೇ ಕಲೆನಾ?
– ವಿದ್ಯಾರ್ಥಿ, ಧಾರವಾಡ

ಉತ್ತರ: ದುಡ್ಡಿಗೆ ಬರ ಇತ್ತು, ನಿಜ. ಅದು 1920ರ ಜರ್ಮನಿ, ಯುದ್ಧ ಸೋತ ದೇಶ. ಆದರೆ ಬಡತನ ಬಂದರೆ ಗೋಡೆ ಚಿಕ್ಕದಾಗಬಹುದು, ಸೊಟ್ಟ ಯಾಕಾಗುತ್ತದೆ? ಬೇಕಂತಲೇ ಸೊಟ್ಟ ಮಾಡಿದ್ದು ಅದು. ಹರ್ಮನ್ ವಾರ್ಮ್, ವಾಲ್ಟರ್ ರೈಮನ್, ವಾಲ್ಟರ್ ರೋರಿಗ್ ಅನ್ನೋ ಮೂವರು ಸೇರಿ ಕ್ಯಾನ್ವಾಸಿನ ಮೇಲೆ ಊರಿಗೆ ಊರನ್ನೇ ಬರೆದರು. ನಮ್ಮ ಕಂಪನಿ ನಾಟಕದ ಪರದೆ ನೋಡಿದ್ದೀರಲ್ವಾ, ಅರಮನೆ, ಕಾಡು, ಬೀದಿ ಎಲ್ಲಾ ನಿಜ ಅನ್ನಿಸಲಿ ಅಂತ ಬರೆಸುತ್ತಿದ್ದರು. ಇಲ್ಲಿ ಪೂರ್ತಿ ಉಲ್ಟಾ.

ಈ ಸೊಟ್ಟತನ ಸಿನಿಮಾದವರ ಸ್ವಂತದ್ದಲ್ಲ. 1905ರಲ್ಲಿ ಡ್ರೆಸ್ಡೆನ್ ಊರಿನ ನಾಲ್ಕು ಹುಡುಗರು ‘ಡಿ ಬ್ರೂಕೆ’ (ಸೇತುವೆ) ಅಂತ ಚಿತ್ರಕಾರರ ಒಂದು ಗುಂಪು ಕಟ್ಟಿದ್ದರು. ಅವರಲ್ಲಿ ಅರ್ನ್ಸ್ಟ್ ಲುಡ್ವಿಗ್ ಕಿರ್ಷ್ನರ್ ಒಬ್ಬ. ತಮಾಷೆ ಅಂದರೆ ನಾಲ್ವರೂ ಓದುತ್ತಿದ್ದದ್ದು ಆರ್ಕಿಟೆಕ್ಚರ್! ನೆಟ್ಟಗೆ ಗೋಡೆ ಎಬ್ಬಿಸೋದು ಕಲಿಯೋಕೆ ಹೋದವರು. ಬೀದಿ ಹೇಗಿದೆ ಅನ್ನೋದು ಅವರಿಗೆ ಬೇಕಿರಲಿಲ್ಲ, ಹೆದರಿದವನಿಗೆ, ಒಂಟಿಯಾದವನಿಗೆ ಅದೇ ಬೀದಿ ಹೇಗೆ ಕಾಣುತ್ತದೆ ಅನ್ನೋದು ಬೇಕಿತ್ತು. ಎಕ್ಸ್‌ಪ್ರೆಷನಿಸಂ ಅಂದರೆ ಹೆಚ್ಚುಕಮ್ಮಿ ಇಷ್ಟೇ. ಮರದ ಅಚ್ಚಿನಲ್ಲಿ ಅವರು ಕೊರೆದ ಕಪ್ಪು-ಬಿಳುಪು ಚಿತ್ರಗಳನ್ನು ನೋಡಿ, ಆಮೇಲೆ ಕ್ಯಾಲಿಗರಿಯ ಬೀದಿಗಳನ್ನು ನೋಡಿ. ನಂಟು ತಾನಾಗೇ ಕಾಣುತ್ತದೆ. ನಿದ್ದೆಯಲ್ಲಿ ನಡೆಯುವ ಸೆಸಾರೆ ಗೋಡೆಗೆ ಅಂಟಿಕೊಂಡು ಸಾಗುತ್ತಾನಲ್ಲ, ಆ ನಟ ಕಾನ್ರಾಡ್ ಫೈಟ್ ಮೈಯನ್ನೇ ಒಂದು ಕಪ್ಪು ಗೆರೆ ಮಾಡಿಕೊಂಡಿದ್ದಾನೆ. ನನಗೆ ಸೆಟ್ಟಿಗಿಂತ ಅದೇ ಜಾಸ್ತಿ ಇಷ್ಟ.

ಎರಡೇ ವರ್ಷಕ್ಕೆ, 1922ರ ‘ನೊಸ್ಫೆರಾಟು’ ಅನ್ನೋ ರಕ್ತಪಿಶಾಚಿ ಚಿತ್ರದ ಹೊತ್ತಿಗೆ, ಬಣ್ಣದ ನೆರಳು ಹೋಗಿ ದೀಪದ ನೆರಳು ಬಂತು. ಮೆಟ್ಟಿಲು ಹತ್ತುವ ಆ ಉದ್ದ ಬೆರಳಿನ ನೆರಳನ್ನು ದೆವ್ವದ ಸಿನಿಮಾದವರು ಇವತ್ತಿಗೂ ಬಿಟ್ಟಿಲ್ಲ. 1933ರಲ್ಲಿ ಹಿಟ್ಲರ್ ಬಂದ ಮೇಲೆ ಫ್ರಿಟ್ಜ್ ಲಾಂಗ್, ಬಿಲ್ಲಿ ವೈಲ್ಡರ್ ತರದ ಸಿನಿಮಾದವರು ದೇಶ ಬಿಟ್ಟು ಹಾಲಿವುಡ್ ಸೇರಿದರು. ಅಲ್ಲಿನ 1940ರ ದಶಕದ ಕ್ರೈಮ್ ಚಿತ್ರಗಳಲ್ಲಿ ಮುಖದ ಮೇಲೆ ಕಿಟಕಿ ಪಟ್ಟಿಗಳ ನೆರಳು ಬೀಳುತ್ತದಲ್ಲ, ಅದರಲ್ಲಿ ಇವರ ಪಾಲು ದೊಡ್ಡದು. ದೇಶದಲ್ಲೇ ಉಳಿದ ಪೇಂಟಿಂಗ್‌ಗಳ ಕಥೆ ಬೇರೆ. ನಾಜಿಗಳು 1937ರಲ್ಲಿ ಮ್ಯೂನಿಕ್‌ನಲ್ಲಿ ‘ಕೆಟ್ಟ ಕಲೆ’ ಅಂತ ಪ್ರದರ್ಶನ ಇಟ್ಟು ಕಿರ್ಷ್ನರ್ ಚಿತ್ರಗಳನ್ನು ಜನರ ಮುಂದೆ ಹೀಯಾಳಿಸಿದರು. ಸ್ವಿಟ್ಜರ್ಲೆಂಡಿನಲ್ಲಿದ್ದ ಅವನು ಮರುವರ್ಷ ಪ್ರಾಣ ಕಳೆದುಕೊಂಡ.

ಪ್ರಶ್ನೆ: ಇದರ ಗಾಳಿ ನಮ್ಮ ಕಡೆ ಬೀಸಿತ್ತಾ?
– ಓದುಗರು, ಮೈಸೂರು

ಉತ್ತರ: ನೇರವಾಗಿ ಅನ್ನೋಕೆ ಧೈರ್ಯ ಸಾಲದು. ಆದರೆ ಜರ್ಮನ್ ಕ್ಯಾಮೆರಾ ಬಂದಿತ್ತು. ಹಿಮಾಂಶು ರಾಯ್ ಮತ್ತು ದೇವಿಕಾ ರಾಣಿ 1934ರಲ್ಲಿ ಬಾಂಬೆ ಟಾಕೀಸ್ ಅನ್ನೋ ಸ್ಟುಡಿಯೊ ಕಟ್ಟಿದಾಗ ಮ್ಯೂನಿಕ್‌ನಿಂದ ನಿರ್ದೇಶಕ ಫ್ರಾಂಜ್ ಓಸ್ಟನ್, ಛಾಯಾಗ್ರಾಹಕ ಜೋಸೆಫ್ ವಿರ್ಷಿಂಗ್ ಬಂದರು. ಇವರು ಕ್ಯಾಲಿಗರಿ ತಂಡದವರಲ್ಲ. ಎರಡನೇ ಮಹಾಯುದ್ಧ ಶುರುವಾದಾಗ ಶತ್ರುದೇಶದವರು ಅಂತ ಬ್ರಿಟಿಷರು ವಿರ್ಷಿಂಗ್‌ನನ್ನು ಬಂಧನದಲ್ಲಿಟ್ಟರು. ಬಿಡುಗಡೆ ಆದ ಮೇಲೂ ಅವನು ಇಲ್ಲೇ ಉಳಿದು 1949ರ ‘ಮಹಲ್’ ಚಿತ್ರಕ್ಕೆ ಕ್ಯಾಮೆರಾ ಹಿಡಿದ. ಕತ್ತಲ ಬಂಗಲೆ, ಉಯ್ಯಾಲೆ, ಮಧುಬಾಲಾ. ಸುಮ್ನೆ ಶಬ್ದ ಆಫ್ ಮಾಡಿ ನೋಡಿ. ಅಂದ ಹಾಗೆ, ದೇವಿಕಾ ರಾಣಿ ಆಮೇಲೆ ಬೆಂಗಳೂರಿನ ಕನಕಪುರ ರಸ್ತೆಯ ತೋಟದಲ್ಲಿ ಗಂಡ, ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ ಜೊತೆ ನೆಲೆಸಿದ್ದರು.

ಪ್ರಶ್ನೆ: ಶಾರ್ಟ್ ಫಿಲ್ಮ್ ಮಾಡುತ್ತಿದ್ದೇನೆ. ಕ್ಯಾಮೆರಾ ಓರೆ ಹಿಡಿದರೆ ಎಕ್ಸ್‌ಪ್ರೆಷನಿಸಂ ಆಗುತ್ತಾ?
– ಹೆಸರು ಬೇಡ

ಉತ್ತರ: ಆಗಲ್ಲ. ಕ್ಯಾಲಿಗರಿಯಲ್ಲಿ ಕ್ಯಾಮೆರಾ ಹೆಚ್ಚಿನ ಹೊತ್ತು ನೆಟ್ಟಗೆ, ಅಲುಗಾಡದೆ ಕೂತಿರುತ್ತದೆ. ಟ್ರೈಪಾಡ್ ನೆಟ್ಟಗಿಡಿ, ಟೇಬಲ್ ಲ್ಯಾಂಪನ್ನು ನೆಲದ ಮೇಲೆ ತಂದಿಡಿ, ನಟನನ್ನು ಗೋಡೆ ಹತ್ತಿರ ನಿಲ್ಲಿಸಿ.