ಕ್ರಿಸ್‌ಮಸ್ ದ್ವೀಪದ ಕುರುಡು ಹಾವು ಯಾವ ಗುಂಪಿನದು? ನಮ್ಮ ಹೂಕುಂಡದ ಹುಳಹಾವೂ ಅದೇನಾ?

ಅದೇ ಅಲ್ಲ. ಆದರೂ ನಿಮಗೆ ಈ ಅನುಮಾನ ಬಂದದ್ದು ಸಹಜ. 2014ರ ತನಕ ಪುಸ್ತಕಗಳಲ್ಲೂ ಇವೆರಡನ್ನು ಒಂದೇ ಕುಲಕ್ಕೆ (ಜೀನಸ್) ಸೇರಿಸಿದ್ದರು.

ನಮ್ಮದರಿಂದಲೇ ಶುರು ಮಾಡ್ತೀನಿ. ಬಸವನಗುಡಿಯ ನಮ್ಮ ಮನೆ ತಾರಸಿಯಲ್ಲಿ ದಾಸವಾಳದ ಕುಂಡದ ಮಣ್ಣು ಬದಲಿಸುವಾಗ ಮಳೆಗಾಲದಲ್ಲಿ ಒಂದೆರಡಾದರೂ ಸಿಗುತ್ತೆ. ಅಮ್ಮ ಎರೆಹುಳ ಅಂದುಕೊಂಡು ಮಣ್ಣಿಗೇ ಬಿಡ್ತಾರೆ. ಅಂಗೈ ಮೇಲೆ ಹರಿಯಬಿಟ್ಟರೆ ವ್ಯತ್ಯಾಸ ಗೊತ್ತಾಗುತ್ತೆ. ಮೈಗೆ ಉಂಗುರವಿಲ್ಲ, ಲೋಳೆಯಿಲ್ಲ. ಎಣ್ಣೆ ಸವರಿದಂಥ ನುಣುಪು ಹುರುಪೆ. ಕಣ್ಣು ಅಂದರೆ ಹುರುಪೆಯಡಿ ಎರಡು ಕಪ್ಪು ಚುಕ್ಕೆ, ಬೆಳಕು ಕತ್ತಲೆ ತಿಳಿಯೋಕಷ್ಟೇ. ಬಾಲದ ತುದಿಯ ಸಣ್ಣ ಮುಳ್ಳನ್ನು ಚರ್ಮಕ್ಕೆ ಊರಿ ಮುಂದಕ್ಕೆ ತಳ್ಳಿಕೊಳ್ಳುತ್ತೆ. ಚುಚ್ಚಿದ ಹಾಗಾದರೂ ಏನೂ ಆಗಲ್ಲ, ವಿಷವಿಲ್ಲ. ತಿನ್ನೋದು ಇರುವೆ, ಗೆದ್ದಲಿನ ಮೊಟ್ಟೆ, ಮರಿ.

ಈಗ ದ್ವೀಪದ್ದು. ಜಾವಾದಿಂದ ದಕ್ಷಿಣಕ್ಕೆ ಸುಮಾರು 350 ಕಿ.ಮೀ. ದೂರದ, ಆಸ್ಟ್ರೇಲಿಯಾಕ್ಕೆ ಸೇರಿದ ಕ್ರಿಸ್‌ಮಸ್ ದ್ವೀಪ ಬಿಟ್ಟರೆ ಇದು ಬೇರೆಲ್ಲೂ ಇಲ್ಲ. 1887ರಲ್ಲಿ ಪ್ರಾಣಿಶಾಸ್ತ್ರಜ್ಞ ಬುಲೆಂಜರ್ ಇದನ್ನು ವರ್ಣಿಸಿದರು. ಈಗಿನ ಹೆಸರು ರಾಂಫೋಟಿಫ್ಲಾಪ್ಸ್ ಎಕ್ಸೋಸೀಟಿ. ಎಕ್ಸೋಸೀಟಸ್ ಅಂದರೆ ಹಾರುಮೀನು. ಮಾದರಿಗಳನ್ನು ತಂದ ಹಡಗಿನ ಹೆಸರು ‘ಫ್ಲೈಯಿಂಗ್ ಫಿಶ್’, ಅದೇ ಈ ನೆಲದಡಿಯ ಹಾವಿಗೆ ಅಂಟಿಕೊಂಡಿತು.

ಎರಡೂ ಟಿಫ್ಲೋಪಿಡೇ ಕುಟುಂಬದವು. ಈ ಕುಟುಂಬದ ಹಾವುಗಳಿಗೆ ಕಚ್ಚಲು ಹಲ್ಲಿರೋದು ಮೇಲ್ದವಡೆಯಲ್ಲಿ. ದಾರದಷ್ಟು ಸಣ್ಣಗಿರುವ ಲೆಪ್ಟೋಟಿಫ್ಲೋಪಿಡೇ ಕುಟುಂಬದಲ್ಲಿ ಇದು ತಿರುಗುಮುರುಗು, ಕೆಳದವಡೆಯಲ್ಲಿ ಮಾತ್ರ. ಇಲ್ಲಿಯವರೆಗೆ ಗೊಂದಲವಿಲ್ಲ. ಸಿಕ್ಕಾಗಿದ್ದು ಕುಲದ ಮಟ್ಟದಲ್ಲಿ. ರಾಂಫೋಟಿಫ್ಲಾಪ್ಸ್ ಕುಲವನ್ನು ಗುರುತಿಸುತ್ತಿದ್ದುದು ಗಂಡಿನ ಜನನಾಂಗದ ರಚನೆಯಿಂದ. ನಮ್ಮ ಹುಳಹಾವಿನಲ್ಲಿ ಗಂಡೇ ಇಲ್ಲ! ಎಲ್ಲವೂ ಹೆಣ್ಣು, ಜೊತೆಯಿಲ್ಲದೆ ಮೊಟ್ಟೆಯಿಡುತ್ತವೆ, ವರ್ಣತಂತುಗಳು ಎರಡೆರಡರ ಬದಲು ಮೂರು ಮೂರು. ಗುರುತು ನೋಡಲು ಗಂಡಿಲ್ಲದಿದ್ದರೆ ಏನು ಮಾಡೋದು? ಕೊನೆಗೆ ಡಿಎನ್‌ಎ ಆಧಾರದ ಮೇಲೆ 2014ರಲ್ಲಿ ನಮ್ಮದನ್ನು ಇಂಡೋಟಿಫ್ಲಾಪ್ಸ್ ಬ್ರಾಮಿನಸ್ ಅಂತ ಬೇರೆ ಮಾಡಿದರು. ದ್ವೀಪದ್ದು ಹಳೆಯ ಕುಲದಲ್ಲೇ ಉಳಿಯಿತು.

ಒಂದು ಹೆಣ್ಣು ಸಾಕು ಅನ್ನೋ ಈ ಗುಣದಿಂದಲೇ ನಮ್ಮ ಹುಳಹಾವು ಗಿಡದ ಮಣ್ಣಿನ ಜೊತೆ ಲೋಕ ಸುತ್ತಿದೆ. ಕ್ರಿಸ್‌ಮಸ್ ದ್ವೀಪಕ್ಕೂ ಹೋಗಿ ನೆಲೆಸಿದೆ. ಅಲ್ಲಿಯ ಮೂಲ ಹಾವು ಮಾತ್ರ ಕಾಣಸಿಗೋದೇ ಅಪರೂಪ. ಎರಡು ದಶಕಕ್ಕೂ ಹೆಚ್ಚು ಕಾಲ ಸುಳಿವಿಲ್ಲದೆ 2009ರಲ್ಲಿ ಒಂದು ಸಿಕ್ಕಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಆ ದ್ವೀಪದ ಇನ್ನೊಂದು ಜೀವಿ, ಪಿಪಿಸ್ಟ್ರೆಲ್ ಅನ್ನೋ ಸಣ್ಣ ಬಾವಲಿಯ ದನಿ ಕೊನೆಯ ಬಾರಿ ಕೇಳಿಸಿತ್ತು, ಆಮೇಲೆ ಅದು ಅಳಿದೇಹೋಯಿತು. ಹೊರಗಿಂದ ಬಂದ ಹಳದಿ ಕ್ರೇಜಿ ಇರುವೆ, ತೋಳಹಾವು, ಬೆಕ್ಕು, ಇಲಿಗಳ ನಡುವೆ ಈ ಹಾವು ಬದುಕಬೇಕು ಅಂತ ನೆನೆದಾಗ ನನಗೆ ನಿಜವಾಗಿ ಸಂಕಟ ಆಗುತ್ತೆ.

ಹಾಗಾಗಿ ಅಲ್ಲಿಯದು ಅಂತ ಯಾರಾದರೂ ಫೋಟೊ ಕಳಿಸಿದರೆ ಮೊದಲು ಉದ್ದ ಕೇಳಿ. ದ್ವೀಪದ ಹಾವು ದೊಡ್ಡದು. ಗೇಣುದ್ದಕ್ಕೇ ಮುಗಿಯುವ, ಕಪ್ಪಗೆ ಹೊಳೆಯುವ ಹಾವಾದರೆ ಬಹುಪಾಲು ಅದು ನಮ್ಮ ಕುಂಡದ್ದೇ.